ಸ್ಲೇಟು ಗಣಿಯೊಳಗೆ ಡ್ರ್ಯಾಗನ್ ಕಥೆ

ಕೇಳುಗರಿಗೆ ನಮಸ್ಕಾರ.

ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ನಾಡಿನ ನಡುಭಾಗದಲ್ಲಿ ಕೊರಿಸ್ ಎಂಬ ಸಣ್ಣ ಊರಿದೆ. ಸುತ್ತ ಗುಡ್ಡ, ಗುಡ್ಡದೊಳಗೆ ಸ್ಲೇಟು ಕಲ್ಲು. ಮನೆಗಳ ಮಾಡಿಗೆ ಹೊದಿಸುವ ಈ ಕಲ್ಲಿಗಾಗಿ 19ನೇ ಶತಮಾನದಲ್ಲಿ ಇಲ್ಲಿನ ಗಂಡಸರು ಮೇಣದ ಬತ್ತಿ ಹಚ್ಚಿಕೊಂಡು ಗುಡ್ಡ ಕೊರೆದರು. ಆ ಗಣಿ 1970ರ ಸುಮಾರಿಗೆ ಮುಚ್ಚಿತು. 1994ರಿಂದ ಅದರ ಒಂದು ಭಾಗದೊಳಗೆ ಮನೆಮಂದಿಯೆಲ್ಲ ಹೋಗಿ ವೇಲ್ಸಿನ ಹಳೆಯ ಕಥೆಗಳನ್ನು ಕೇಳಬಹುದು. ಆ ಜಾಗದ ಹೆಸರು ಕಿಂಗ್ ಆರ್ಥರ್ಸ್ ಲ್ಯಾಬಿರಿಂತ್.

ತಲೆಗೆ ಹೆಲ್ಮೆಟ್ ಹಾಕಿಕೊಂಡು ದೋಣಿ ಹತ್ತಬೇಕು. ನಿಲುವಂಗಿ ತೊಟ್ಟ ಅಂಬಿಗ ಅದನ್ನು ನಡೆಸುತ್ತಾನೆ. ಸುರಂಗದಲ್ಲಿ ಒಂದು ಜಲಪಾತ ದಾಟಿದ ಮೇಲೆ ಇಳಿದು, ಒಂದು ಗುಹೆಯಿಂದ ಇನ್ನೊಂದಕ್ಕೆ ನಡೆದು ಹೋಗುವುದು. ಒಂದೊಂದು ಕಡೆ ದೀಪ ಹತ್ತುತ್ತದೆ, ಬೊಂಬೆಗಳು ಕಾಣುತ್ತವೆ, ಕಥೆ ಶುರುವಾಗುತ್ತದೆ. ಹಳೆಯ ಕಥೆಗಳ ವೀರ ರಾಜ ಆರ್ಥರ್ ಬರುತ್ತಾನೆ, ದೈತ್ಯರು, ಡ್ರ್ಯಾಗನ್‌ಗಳು ಬರುತ್ತವೆ. ಬೇಸಿಗೆಯಲ್ಲೂ ಒಳಗೆ ಚಳಿ. ಸ್ವೆಟರ್ ಬೇಕೇ ಬೇಕು.

ವೇಲ್ಸಿನ ಕಥೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಡ್ರ್ಯಾಗನ್ ಕಥೆ. ವೋರ್ಟಿಗರ್ನ್ ಎಂಬ ರಾಜ ಬೆಟ್ಟದ ಮೇಲೆ ಕೋಟೆ ಕಟ್ಟಿಸುತ್ತಾನೆ. ಎಷ್ಟು ಕಟ್ಟಿದರೂ ನಿಲ್ಲುವುದಿಲ್ಲ. ತಂದೆಯಿಲ್ಲದ ಹುಡುಗನ ರಕ್ತ ಚಿಮುಕಿಸಿದರೆ ನಿಲ್ಲುತ್ತದೆ ಎಂದು ಮಂತ್ರವಾದಿಗಳು ಹೇಳುತ್ತಾರೆ. ಇಷ್ಟು ಕೇಳುವಾಗಲೇ ನಮಗೆ ಭಾಗೀರಥಿ ನೆನಪಾಗುತ್ತಾಳೆ, ಅಲ್ವಾ? ಕೆರೆಗೆ ನೀರು ಬರಲೆಂದು ಹಿರಿಯರು ಬಲಿ ಕೊಟ್ಟ ಕಿರಿ ಸೊಸೆ. ಅವಳು ಯಾರನ್ನೂ ಏನೂ ಕೇಳದೆ ಹೋದಳು. ಇಲ್ಲಿ ಹುಡುಗ ಬಾಯಿ ಬಿಡುತ್ತಾನೆ. ಈ ನೆಲದಡಿ ಏನಿದೆ, ಹೇಳಿ ನೋಡೋಣ ಎಂದು ಮಂತ್ರವಾದಿಗಳನ್ನೇ ಕೇಳುತ್ತಾನೆ. ಅವರಿಗೆ ಗೊತ್ತಿಲ್ಲ. ಅಗೆದರೆ ಕೊಳ ಸಿಗುತ್ತದೆ. ಅದರಲ್ಲಿ ಎರಡು ಡ್ರ್ಯಾಗನ್. ಒಂದು ಬಿಳಿ, ಒಂದು ಕೆಂಪು. ಎರಡೂ ಕಾದಾಡಿ ಕೆಂಪು ಗೆಲ್ಲುತ್ತದೆ. ಹುಡುಗನ ಜೀವ ಉಳಿಯುತ್ತದೆ.

ಸಾಯಬೇಕಾಗಿದ್ದ ಮಗುವೊಂದು ಎದುರು ನಿಂತು ಪ್ರಶ್ನೆ ಕೇಳಿ ಉಳಿದುಕೊಂಡಿತು ಎನ್ನುವ ಈ ಕಥೆಯನ್ನು ನಮ್ಮ ಮಕ್ಕಳೂ ಕೇಳಬೇಕು ಎಂದು ನನಗೆ ಬಹಳ ಆಸೆ. ಇದು 9ನೇ ಶತಮಾನದ ಲ್ಯಾಟಿನ್ ಬರಹದಲ್ಲೇ ಇದೆ. ಆ ಹುಡುಗನೇ ಆರ್ಥರ್ ಕಥೆಗಳ ಮಾಂತ್ರಿಕ ಮರ್ಲಿನ್ ಎಂದದ್ದು 12ನೇ ಶತಮಾನದಲ್ಲಿ. ವೇಲ್ಸಿನ ಬಾವುಟದ ಮೇಲೆ ಇವತ್ತಿಗೂ ಇರುವುದು ಕೆಂಪು ಡ್ರ್ಯಾಗನ್ನೇ.

ಬರ್ಮಿಂಗ್‌ಹ್ಯಾಮ್ ಕಡೆ ನಿಮ್ಮ ಮಗಳೋ ಮಗನೋ ಇದ್ದು, ನೀವು ಅಲ್ಲಿಗೆ ಹೋಗುವುದಿದ್ದರೆ ಮೊಮ್ಮಕ್ಕಳನ್ನು ಕರೆದುಕೊಂಡು ಹೊರಡಿ. ಬರ್ಮಿಂಗ್‌ಹ್ಯಾಮಿನಿಂದ ಅಬೆರಿಸ್ಟ್‌ವಿತ್‌ಗೆ ಹೋಗುವ ರೈಲಿನಲ್ಲಿ ಮಖನ್‌ಥ್ಲೆತ್ ಎಂಬ ಊರಿನಲ್ಲಿ ಇಳಿದರೆ ಕೊರಿಸ್‌ಗೆ ಬಸ್ಸಿದೆ. ಚಳಿಗಾಲದಲ್ಲಿ ಲ್ಯಾಬಿರಿಂತ್ ಮುಚ್ಚಿರುತ್ತದೆ. ಅದಕ್ಕೇ ಮೊದಲೇ ವಿಚಾರಿಸಿಕೊಳ್ಳಿ.

ಇನ್ನೂ ಒಂದು ದಿನ ಇದ್ದರೆ ಉತ್ತರಕ್ಕೆ, ಬೆದ್‌ಗೆಲರ್ಟ್ ಹತ್ತಿರದ ದಿನಾಸ್ ಎಮ್ರಿಸ್ ಬೆಟ್ಟಕ್ಕೂ ಹೋಗಿ. ವೋರ್ಟಿಗರ್ನನ ಕೋಟೆ ನಿಲ್ಲದೆ ಹೋದದ್ದು ಅಲ್ಲೇ ಎನ್ನುತ್ತಾರೆ. ಕಾಡಿನ ನಡುವೆ ಹತ್ತುವ ದಾರಿ ಇದೆ. 1950ರ ದಶಕದಲ್ಲಿ ಅಲ್ಲಿ ಅಗೆದು ನೋಡಿದರು. ಹಳೆಯ ಕೋಟೆಯ ಗುರುತುಗಳು ಸಿಕ್ಕವು. ಮನುಷ್ಯರೇ ತೋಡಿದ ಒಂದು ಕೊಳವೂ ಸಿಕ್ಕಿತು.