ಮಡಿಕೇರಿಗೂ ಪಿರಿಯಾಪಟ್ಟಣಕ್ಕೂ ನಡುವೆ ಮನೆ ಎಲ್ಲಿ ಮಾಡೋದು?

ನಮಸ್ಕಾರ. ಒಬ್ಬರಿಗೆ ಮಡಿಕೇರಿಯಲ್ಲಿ ಕೆಲಸ, ಇನ್ನೊಬ್ಬರಿಗೆ ಪಿರಿಯಾಪಟ್ಟಣದಲ್ಲಿ. ಕೊಡಗಿನಲ್ಲಿ ಇಂಥ ಸಂಸಾರಗಳು ಬಹಳ ಇವೆ. ಹೆಂಡತಿ ಮಡಿಕೇರಿ ಮೆಡಿಕಲ್ ಕಾಲೇಜಿನಲ್ಲಿ ನರ್ಸ್, ಗಂಡ ಪಿರಿಯಾಪಟ್ಟಣದ ಬ್ಯಾಂಕಿನಲ್ಲಿ. ಅಥವಾ ಒಬ್ಬರು ಜಿಲ್ಲಾ ಪಂಚಾಯಿತಿಯಲ್ಲಿ, ಇನ್ನೊಬ್ಬರು ಕುಶಾಲನಗರದ ಕಾವೇರಿ ಸೇತುವೆ ಆಚೆ ಯಾವುದೋ ಶಾಲೆಯಲ್ಲಿ. ವರ್ಗಾವಣೆ ಆದೇಶ ಬಂದ ಸಂಜೆಯೇ ಮನೆ ಎಲ್ಲಿ ಮಾಡೋಣ ಅನ್ನೋ ಮಾತು ಶುರು. ಮಧ್ಯದಲ್ಲಿದೆ ಅಂತ ಕುಶಾಲನಗರಕ್ಕೆ ಕೈ ತೋರಿಸಿ ಅಡ್ವಾನ್ಸ್ ಕೊಟ್ಟು ಬರೋರೇ ಜಾಸ್ತಿ. ಕುಶಾಲನಗರ ತಪ್ಪು ಆಯ್ಕೆ ಅಂತ ಹೇಳ್ತಿಲ್ಲ. ಆದ್ರೆ ಮಧ್ಯದಲ್ಲಿದೆ ಅನ್ನೋದಷ್ಟೇ ಕಾರಣ ಆದ್ರೆ ಸಾಲದು. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಈಗ ಸ್ಕ್ರೀನ್ ಮೇಲೆ ಕಾಣ್ತಿರೋದು ರಾಷ್ಟ್ರೀಯ ಹೆದ್ದಾರಿ 275. ಮಡಿಕೇರಿಯಿಂದ ಇಳಿದ್ರೆ ಬೋಯಿಕೇರಿ, ಕೆದಕಲ್, ಆಮೇಲೆ ಸುಂಟಿಕೊಪ್ಪ. ಅಲ್ಲಿಂದ ಏಳನೇ ಹೊಸಕೋಟೆ, ಆನೆಕಾಡು, ಗುಡ್ಡೆಹೊಸೂರು, ಕುಶಾಲನಗರ. ಕಾವೇರಿ ಸೇತುವೆ ದಾಟಿದ್ರೆ ಕೊಪ್ಪ, ಬೈಲಕುಪ್ಪೆ, ಮುಂದೆ ಪಿರಿಯಾಪಟ್ಟಣ. ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿಲೋಮೀಟರ್, ಅಲ್ಲಿಂದ ಪಿರಿಯಾಪಟ್ಟಣಕ್ಕೆ ಸುಮಾರು 20. ಸುಂಟಿಕೊಪ್ಪ ಮಡಿಕೇರಿಗೂ ಕುಶಾಲನಗರಕ್ಕೂ ಹೆಚ್ಚುಕಮ್ಮಿ ನಟ್ಟನಡುವೆ. ಬಸ್ಸಿನಲ್ಲಿ ಮಡಿಕೇರಿಯಿಂದ ಸುಂಟಿಕೊಪ್ಪಕ್ಕೆ ಅರ್ಧ ಗಂಟೆ, ಕುಶಾಲನಗರಕ್ಕೆ ಒಂದು ಗಂಟೆ, ಪಿರಿಯಾಪಟ್ಟಣಕ್ಕೆ ಒಂದೂವರೆ ಗಂಟೆ ಅಂತ ಇಟ್ಕೊಳ್ಳಿ.

ಇಬ್ಬರೂ ತಿಂಗಳಿಗೆ 24 ದಿನ ಕೆಲಸಕ್ಕೆ ಹೋಗ್ತಾರೆ. ಮನೆ ಕುಶಾಲನಗರದಲ್ಲಿದ್ರೆ ಮಡಿಕೇರಿಗೆ ಹೋಗೋರಿಗೆ ದಿನಕ್ಕೆ ಎರಡು ಗಂಟೆ, ತಿಂಗಳಿಗೆ 48. ಪಿರಿಯಾಪಟ್ಟಣದವರಿಗೆ ದಿನಕ್ಕೆ ಒಂದು ಗಂಟೆ, ತಿಂಗಳಿಗೆ 24. ಒಟ್ಟು 72 ಗಂಟೆ. ಈಗ ಮನೆಯನ್ನ ಸುಂಟಿಕೊಪ್ಪಕ್ಕೆ ತನ್ನಿ. ಮಡಿಕೇರಿಯವರಿಗೆ 24, ಪಿರಿಯಾಪಟ್ಟಣದವರಿಗೆ 48. ಆಗಲೂ 72. ಮಡಿಕೇರಿಯಲ್ಲೇ ಮನೆ ಮಾಡಿದ್ರೂ 72. ಇಬ್ಬರ ಕೆಲಸವೂ ಒಂದೇ ರಸ್ತೆಯ ಎರಡು ತುದಿಯಲ್ಲಿದ್ದು, ಇಬ್ಬರೂ ಅಷ್ಟೇ ದಿನ ಹೋಗೋದಾದ್ರೆ, ನಡುವೆ ಎಲ್ಲಿ ಮನೆ ಮಾಡಿದ್ರೂ ಒಟ್ಟು ಗಂಟೆ ಬದಲಾಗಲ್ಲ. ಯಾರ ಪಾಲಿಗೆ ಎಷ್ಟು ಅನ್ನೋದು ಮಾತ್ರ ಬದಲಾಗುತ್ತೆ.

ಇಬ್ಬರೂ ಹೋಗೋ ದಿನಗಳು ಬೇರೆ ಬೇರೆ ಆದ್ರೆ ಲೆಕ್ಕ ಪೂರ್ತಿ ತಿರುಗುತ್ತೆ. ಪಿರಿಯಾಪಟ್ಟಣದವರು ತಿಂಗಳಿಗೆ 12 ದಿನ ಮಾತ್ರ ಹೋಗ್ತಾರೆ, ಉಳಿದ ದಿನ ಮನೆಯಿಂದಲೇ ಕೆಲಸ ಅಂದ್ಕೊಳ್ಳಿ. ಕುಶಾಲನಗರದಲ್ಲಿ ಮನೆ ಆದ್ರೆ ಒಟ್ಟು 60 ಗಂಟೆ. ಸುಂಟಿಕೊಪ್ಪ ಆದ್ರೆ 48. ಮಡಿಕೇರಿ ಆದ್ರೆ 36. ಅಂದ್ರೆ ಹೆಚ್ಚು ದಿನ ಓಡಾಡೋರ ಕಡೆಗೆ ಮನೆ ಹೋಗಬೇಕು. ಇನ್ನೊಬ್ಬರಿಗೆ ಒಂದು ಸಲಕ್ಕೆ ಒಂದೂವರೆ ಗಂಟೆಗಿಂತ ಜಾಸ್ತಿ ಬೀಳದ ಹಾಗೆ ನೋಡಿಕೊಂಡ್ರೆ ಸಾಕು. ಅದಕ್ಕೇ ಮೊದಲು ಇಬ್ಬರ ಕೆಲಸದ ದಿನಗಳನ್ನ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ರಾಜ್ಯ ಸರ್ಕಾರಿ ಕಚೇರಿಗೂ ಬ್ಯಾಂಕಿಗೂ ಎರಡನೇ, ನಾಲ್ಕನೇ ಶನಿವಾರ ರಜೆ. ಖಾಸಗಿ ಶಾಲೆ, ಆಸ್ಪತ್ರೆ, ಅಂಗಡಿ ಕೆಲಸಕ್ಕೆ ಆ ರಜೆ ಸಿಗೋದು ಕಷ್ಟ. ನೈಟ್ ಡ್ಯೂಟಿ ಇರೋರ ಲೆಕ್ಕ ಇನ್ನೂ ಬೇರೆ. ಅವರು ದಿನ ಕಡಿಮೆ ಹೋದ್ರೂ ಬಸ್ಸಿಲ್ಲದ ಹೊತ್ತಲ್ಲಿ ಹೋಗಬೇಕು.

ಇಬ್ಬರ ದಿನಗಳೂ ಸಮ ಇದ್ರೆ, ಗಂಟೆ ಲೆಕ್ಕ ಬದಿಗಿಡಿ. ಆಗ ನೋಡಬೇಕಾದ್ದು ರಸ್ತೆಯ ಗುಣ, ಮಳೆ, ಮಕ್ಕಳ ಶಾಲೆ.

ರಸ್ತೆಯಿಂದ ಶುರು ಮಾಡೋಣ. 50 ಕಿಲೋಮೀಟರ್ ಇದ್ರೂ ಎರಡು ತುದಿ ಒಂದೇ ಥರ ಇಲ್ಲ. ಕುಶಾಲನಗರದಿಂದ ಪಿರಿಯಾಪಟ್ಟಣಕ್ಕೆ ಬಯಲು ರಸ್ತೆ, ಸಮಯ ತಪ್ಪಲ್ಲ. ಸುಂಟಿಕೊಪ್ಪದಿಂದ ಮಡಿಕೇರಿಗೆ ಏರು, ತಿರುವು, ಮಂಜು. ಕುಶಾಲನಗರ ಸಮುದ್ರಮಟ್ಟದಿಂದ 800 ಮೀಟರ್ ಚಿಲ್ಲರೆ ಎತ್ತರದಲ್ಲಿದ್ರೆ ಮಡಿಕೇರಿ 1,100 ಮೀಟರ್ ಮೇಲೆ. ಈ ಏರಿಳಿತದ ಬಹುಪಾಲು ಕೊನೆಯ 15 ಕಿಲೋಮೀಟರಲ್ಲೇ ಬರುತ್ತೆ. ಜುಲೈ ಬೆಳಿಗ್ಗೆ ಎಂಟಕ್ಕೆ ಬೋಯಿಕೇರಿ ಹತ್ರ ಮುಂದಿನ ಲಾರಿಯ ಹಿಂದೀಪ ಮಾತ್ರ ಕಾಣೋ ದಿನಗಳಿರುತ್ತೆ. ಆ ದಾರಿಯಲ್ಲಿ ಸ್ಕೂಟರ್ ಓಡಿಸೋರು ಯಾರು, ಎಷ್ಟು ಗಂಟೆಗೆ ಅನ್ನೋದು ಮನೆ ಆಯ್ಕೆಗೆ ದೊಡ್ಡ ವಿಷಯ. ಮಡಿಕೇರಿಗೆ ಹೋಗೋರು ಬಸ್ಸಲ್ಲಿ, ಪಿರಿಯಾಪಟ್ಟಣಕ್ಕೆ ಹೋಗೋರು ಬೈಕಲ್ಲಿ ಅಂತಿದ್ರೆ ಕುಶಾಲನಗರ ಚೆನ್ನಾಗಿ ಹೊಂದುತ್ತೆ. ಉಲ್ಟಾ ಆದ್ರೆ, ಅಂದ್ರೆ ಬೈಕಿನವರು ಮಡಿಕೇರಿಗೆ ಹೋಗೋರಾದ್ರೆ, ಸುಂಟಿಕೊಪ್ಪದ ಕಡೆಗೆ ಬನ್ನಿ. ಆ ಏರು ತಪ್ಪಲ್ಲ, ಆದ್ರೆ ಆನೆಕಾಡನ್ನ ಮುಸ್ಸಂಜೆ ಹೊತ್ತಲ್ಲಿ ದಾಟೋದು ತಪ್ಪುತ್ತೆ. ಹೆಸರಲ್ಲೇ ಇದೆ, ಅದು ಆನೆ ಓಡಾಡೋ ಕಾಡು. ಕಾರಿನವರಿಗೆ ಅಷ್ಟು ಭಯ ಇಲ್ಲ, ಎರಡು ಚಕ್ರದವರು ಕತ್ತಲಾಗೋ ಮುಂಚೆ ದಾಟಬೇಕು.

ಖರ್ಚಿನ ಲೆಕ್ಕವೂ ನೋಡಿ. ಕುಶಾಲನಗರದಿಂದ ಮಡಿಕೇರಿಗೆ ದಿನಾ ಹೋಗಿಬರೋದು 60 ಕಿಲೋಮೀಟರ್. 24 ದಿನಕ್ಕೆ 1,440. ಲೀಟರಿಗೆ 45 ಕೊಡೋ ಸ್ಕೂಟರ್ ಆದ್ರೆ 32 ಲೀಟರ್ ಪೆಟ್ರೋಲ್, 15 ಕೊಡೋ ಕಾರಾದ್ರೆ 96 ಲೀಟರ್. ಘಾಟಿಯಲ್ಲಿ ಮೈಲೇಜ್ ಇಳಿಯುತ್ತೆ, ಅದನ್ನೂ ಸೇರಿಸಿಕೊಳ್ಳಿ. ಎರಡು ತಿಂಗಳಲ್ಲಿ ಮೂರು ಸಾವಿರ ಕಿಲೋಮೀಟರ್ ಹತ್ರ ಆಗೋದ್ರಿಂದ ಆಯಿಲ್ ಬದಲಿಸೋದು, ಬ್ರೇಕ್ ಪ್ಯಾಡ್ ನೋಡಿಸೋದು ಆ ಲೆಕ್ಕದಲ್ಲೇ ಮಾಡಿಸಬೇಕು. ಇಳಿಜಾರಲ್ಲಿ ಪೂರ್ತಿ ಬ್ರೇಕ್ ಮೇಲೆ ಬಂದ್ರೆ ಬ್ರೇಕ್ ಕಾದು ಹಿಡಿತ ಕಳ್ಕೊಳ್ಳುತ್ತೆ. ಯಾವ ಗೇರಲ್ಲಿ ಹತ್ತಿದ್ರೋ ಅದೇ ಗೇರಲ್ಲಿ ಇಳೀರಿ.

ಬಸ್ಸಿನ ಮಾತು. ಕೊಡಗಿನಲ್ಲಿ ರೈಲಿಲ್ಲ. ಹಾಗಾಗಿ ಬಸ್ಸೇ ಎಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಐರಾವತದಂಥ ಬಸ್ಸಿಗೆ ಅನ್ವಯಿಸಲ್ಲ, ಖಾಸಗಿ ಬಸ್ಸಿಗಂತೂ ಇಲ್ಲವೇ ಇಲ್ಲ. ಮೈಸೂರು–ಮಡಿಕೇರಿ ಹೆದ್ದಾರಿಯಲ್ಲಿ ಕೆಎಸ್‌ಆರ್‌ಟಿಸಿ ಚೆನ್ನಾಗಿದೆ. ಒಳದಾರಿಗಳಲ್ಲಿ ಖಾಸಗಿ ಬಸ್ಸೇ ಆಧಾರ. ಹೆಂಡತಿ ದಿನಾ ಬಸ್ಸಲ್ಲಿ ಹೋಗೋರಾದ್ರೆ, ಹೆದ್ದಾರಿ ಪಕ್ಕದ ಊರಿಗೂ ಒಳಗಿನ ಊರಿಗೂ ತಿಂಗಳ ಖರ್ಚಲ್ಲಿ ದೊಡ್ಡ ವ್ಯತ್ಯಾಸ ಬರುತ್ತೆ. ಒಳಗಿನ ಊರಲ್ಲಿ ಬಾಡಿಗೆ ಕಡಿಮೆ ಅಂತ ಹೋದವರು ಈ ಲೆಕ್ಕ ಮೊದಲೇ ಹಾಕಿರಬೇಕು.

ನಡುದಾರಿಯ ಊರಿಗೆ ಒಂದು ತೊಂದರೆ ಇದ್ದೇ ಇದೆ. ಸುಂಟಿಕೊಪ್ಪಕ್ಕೆ ಬೆಳಿಗ್ಗೆ ಬರೋ ಬಸ್ಸು ಕುಶಾಲನಗರದಲ್ಲೇ ತುಂಬಿಕೊಂಡು ಬಂದಿರುತ್ತೆ. ಕಾಲೇಜು ಮಕ್ಕಳು, ಕಚೇರಿಯವರು ಎಲ್ಲ ಅದರಲ್ಲೇ. ಅರ್ಧ ಗಂಟೆ ನಿಂತೇ ಹೋಗಬೇಕು, ತಿರುವಲ್ಲಿ ಒಂದು ಕೈಯಲ್ಲಿ ಟಿಫನ್ ಬಾಕ್ಸಿನ ಚೀಲ, ಇನ್ನೊಂದು ಕೈಯಲ್ಲಿ ಕಂಬಿ. ಸೊಂಟ ನೋವಿರೋರು, ಬಸುರಿಯರು ಇದನ್ನ ಯೋಚಿಸಲೇಬೇಕು. ಇನ್ನು ತಡೆರಹಿತ ಬಸ್ಸು ಸಣ್ಣ ಊರಲ್ಲಿ ನಿಲ್ಲಲ್ಲ. ಸಂಜೆ ಮಡಿಕೇರಿ ಸ್ಟ್ಯಾಂಡಲ್ಲಿ ಹತ್ತೋ ಮುಂಚೆ "ಸುಂಟಿಕೊಪ್ಪ ಸ್ಟಾಪ್ ಇದ್ಯಾಣ್ಣ?" ಅಂತ ಕಂಡಕ್ಟರನ್ನ ಕೇಳಿಕೊಳ್ಳಿ.

ಮನೆ ನೋಡೋಕೆ ಹೋಗೋರು ಭಾನುವಾರ ಕಾರಲ್ಲಿ ಹೋಗಿ, ಮುಕ್ಕಾಲು ಗಂಟೆ ಅಷ್ಟೇ ಅಂದ್ಕೊಂಡು ಬರ್ತಾರೆ. ಆ ಸಮಯ ಯಾವ ಲೆಕ್ಕಕ್ಕೂ ಬರಲ್ಲ. ಸೋಮವಾರ ಬೆಳಿಗ್ಗೆ ಒಂದು ಸಲ, ಶುಕ್ರವಾರ ಒಂದು ಸಲ, ಶನಿವಾರ ಸಂಜೆ ಒಂದು ಸಲ ಓಡಾಡಿ ನೋಡಿ. ಶುಕ್ರವಾರ ಯಾಕೆ ಅಂದ್ರೆ ಅದು ಮಡಿಕೇರಿ ಸಂತೆ, ಪೇಟೆಯೊಳಗೆ ಬಸ್ಸು ತೆವಳುತ್ತೆ. ಕುಶಾಲನಗರದ ಸಂತೆ ಮಂಗಳವಾರ. ಶನಿವಾರ ಪ್ರವಾಸಿಗಳ ಗಾಡಿ. ದಸರಾ, ಡಿಸೆಂಬರ್ ಕೊನೆಯ ವಾರ ಬಂದ್ರೆ ಹೇಳೋದೇ ಬೇಡ. ಮನೆ ಬಾಗಿಲಿಂದ ಕಚೇರಿ ಬಾಗಿಲಿನ ತನಕ ನಾಲ್ಕು ಭಾಗ ಮಾಡಿ ಬರೆದಿಡಿ: ಸ್ಟಾಪಿಗೆ ನಡಿಗೆ, ಕಾಯೋದು, ಬಸ್ಸು, ಇಳಿದ ಮೇಲಿನ ನಡಿಗೆ. ಮಡಿಕೇರಿಯಲ್ಲಿ ಕೊನೆಯ ಭಾಗ ಏರುದಾರಿ, ಹತ್ತು ನಿಮಿಷ ಬೇಕೇ ಬೇಕು. ಕೊನೆಯ ಬಸ್ಸು ಎಷ್ಟು ಗಂಟೆಗೆ, ಅದು ತಪ್ಪಿದ್ರೆ ಏನು ದಾರಿ ಅನ್ನೋದನ್ನ ಡಿಪೋದಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ. ಆ್ಯಪ್ ನಂಬಿ ಕೂರಬೇಡಿ.

ಈಗ ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುತ್ತೆ, ಕುಶಾಲನಗರದಲ್ಲಿ ಅದರ ಮೂರನೇ ಒಂದು ಪಾಲಿನ ಆಸುಪಾಸು. ಆ 30 ಕಿಲೋಮೀಟರಲ್ಲಿ ಬೇರೆಯೇ ಹವೆ. ಹಾಗಂತ ಕುಶಾಲನಗರ ಮಳೆಗಾಲಕ್ಕೆ ಸುರಕ್ಷಿತ ಅಂತ ಕಣ್ಣುಮುಚ್ಚಿ ಹೇಳೋಕಾಗಲ್ಲ. 2018ರಲ್ಲಿ, 2019ರಲ್ಲಿ ಕಾವೇರಿ ಉಕ್ಕಿ ಸಾಯಿ ಬಡಾವಣೆ, ಕುವೆಂಪು ಬಡಾವಣೆ ಎಲ್ಲ ನೀರಲ್ಲಿ ನಿಂತಿದ್ವು. ಮೇಲೆ ತಲಕಾವೇರಿ, ಭಾಗಮಂಡಲದಲ್ಲಿ ಸುರಿದ ಮಳೆ ಇಲ್ಲಿಗೆ ಹೊಳೆಯಾಗಿ ಬರುತ್ತೆ. ಕುಶಾಲನಗರದಲ್ಲಿ ಬಿಸಿಲಿದ್ರೂ ನೀರು ಏರಬಹುದು. ಮನೆ ನೋಡೋಕೆ ಹೋದಾಗ ಮಾಲೀಕರನ್ನ ಕೇಳೋದಕ್ಕಿಂತ ಎದುರಿನ ಅಂಗಡಿಯಲ್ಲಿ ಕೇಳಿ: "ಅಕ್ಕಾ, 2019ರಲ್ಲಿ ಈ ಬೀದಿಗೆ ನೀರು ಎಲ್ಲಿತನಕ ಬಂದಿತ್ತು?" ಕಾಂಪೌಂಡ್ ಗೋಡೆ, ಗೇಟಿನ ಕಂಬದ ಹಿಂಬದಿ ನೋಡಿ. ಮುಂದಕ್ಕೆ ಬಣ್ಣ ಹೊಡೆದಿರ್ತಾರೆ, ಹಿಂಬದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತೆ. ಮೀಟರ್ ಬೋರ್ಡ್ ಎತ್ತರಕ್ಕೆ ಕಿತ್ತು ಹಾಕಿದ್ದು ಕಂಡ್ರೆ ಅದೂ ಒಂದು ಗುರುತು. ನದಿಯಿಂದ ದೂರ, ಹೆದ್ದಾರಿಗಿಂತ ಎತ್ತರ ಇರೋ ಬೀದಿ ಸಿಕ್ಕಿದ್ರೆ ಬಾಡಿಗೆ ಸ್ವಲ್ಪ ಹೆಚ್ಚಾದ್ರೂ ಹಿಡಿದುಕೊಳ್ಳಿ.

ಸುಂಟಿಕೊಪ್ಪ, ಮಡಿಕೇರಿ ಕಡೆ ನೋಡಬೇಕಾದ್ದು ಬೇರೆ. ಮನೆ ಹಿಂದೆ ಬರೆ, ಅಂದ್ರೆ ಕಡಿದಾದ ಮಣ್ಣಿನ ದಿಬ್ಬ, ಇದ್ಯಾ ಅಂತ ನೋಡಿ. ಗುಡ್ಡ ನೆಟ್ಟಗೆ ಕಡಿದು ಸೈಟ್ ಮಾಡಿದ ಕಡೆ, ತಡೆಗೋಡೆ ಇದ್ರೂ ಅದರಲ್ಲಿ ನೀರು ಹೊರಗೆ ಬರೋ ಪೈಪ್ ಇಲ್ಲದಿದ್ರೆ ಮಳೆ ನೀರು ಗೋಡೆ ಹಿಂದೆ ತುಂಬಿ ಒತ್ತುತ್ತೆ, ಬರೆ ಕುಸಿಯೋದು ಹಾಗೆ. ಮೇಲಿನ ಮಣ್ಣಲ್ಲಿ ಬಿರುಕು, ಓರೆಯಾದ ಸಿಲ್ವರ್ ಮರ ಕಂಡ್ರೆ ಆ ಮನೆ ಬೇಡ. ಒಳಗೆ ಪಡುವಣ ಗೋಡೆಗೆ ಅಂಗೈ ಇಟ್ಟು ನೋಡಿ. ಏಪ್ರಿಲ್‌ನಲ್ಲೂ ತಣ್ಣಗೆ, ಸುಣ್ಣ ಉದುರ್ತಾ ಇದ್ರೆ ಜುಲೈನಲ್ಲಿ ಬೂಷ್ಟು ಖಂಡಿತ. ಬಟ್ಟೆ ಬೀರು ಆ ಗೋಡೆಗೆ ಅಂಟಿಸಿಡಬೇಡಿ. ತಾರಸಿಗೆ ಶೀಟ್ ಹಾಕಿದ್ದಾರಾ ಅಂತ ಕೇಳಿ, ಬಟ್ಟೆ ಒಣಗೋದು ಅದರ ಕೆಳಗೇ. ಕರೆಂಟ್ ಹೋದ್ರೆ ಒಂದೆರಡು ದಿನ ಬರದೇ ಇರೋ ವಾರಗಳೂ ಇರುತ್ತೆ, ಮನೆಯಿಂದ ಕೆಲಸ ಮಾಡೋರು ಇನ್ವರ್ಟರ್ ಜೊತೆ ಅಲ್ಲಿ ಯಾವ ನೆಟ್‌ವರ್ಕ್ ಹಿಡಿಯುತ್ತೆ ಅಂತ ಮನೆಯೊಳಗೇ ನಿಂತು ನೋಡಬೇಕು.

ಮಕ್ಕಳಿದ್ರೆ ಇನ್ನೊಂದು ವಿಷಯ, ಯಾರೂ ಮೊದಲೇ ಹೇಳಲ್ಲ. ಮಳೆ ಜೋರಾದ್ರೆ ಕೊಡಗಿನ ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಡ್ತಾರೆ. ಅದು ಕೊಡಗಿಗೆ ಮಾತ್ರ. ಸೇತುವೆ ದಾಟಿದ ತಕ್ಷಣ ಕೊಪ್ಪ, ಅದು ಪಿರಿಯಾಪಟ್ಟಣ ತಾಲ್ಲೂಕು, ಮೈಸೂರು ಜಿಲ್ಲೆ. ಅಲ್ಲಿ ಶಾಲೆ ನಡೀತಿರುತ್ತೆ, ಕಚೇರಿ ಎರಡೂ ಕಡೆ ನಡೀತಿರುತ್ತೆ. ರಜೆ ಗೊತ್ತಾಗೋದು ಬೆಳಿಗ್ಗೆ ಅಥವಾ ಹಿಂದಿನ ರಾತ್ರಿ. ಮಗು ಕುಶಾಲನಗರದ ಶಾಲೆಯಲ್ಲಿದ್ರೆ, ಆ ದಿನಗಳಲ್ಲಿ ಯಾರು ಮನೇಲಿ ಇರ್ತಾರೆ? ಅಜ್ಜ-ಅಜ್ಜಿ ಇಲ್ಲದ ಮನೆಯವರು ಇದಕ್ಕೆ ಪಕ್ಕದ ಮನೆಯವರ ಜೊತೆ ಮೊದಲೇ ಮಾತಾಡಿಕೊಂಡಿರಬೇಕು. ಶಾಲೆ ಯಾವಾಗಲೂ ಮನೆ ಇರೋ ಊರಲ್ಲೇ ಇರಲಿ. ಪಾಲಕರ ಕೆಲಸದ ಊರಲ್ಲಿ ಶಾಲೆ ಹಾಕಿದ್ರೆ, ರಸ್ತೆ ಬಂದ್ ಆದ ದಿನ ಮಗುವೂ ಆಚೆ ಸಿಕ್ಕಿಹಾಕಿಕೊಳ್ಳುತ್ತೆ.

ಬೇರೆ ದಾರಿಗಳ ಬಗ್ಗೆ ಚುಟುಕಾಗಿ. ಮಡಿಕೇರಿ–ವಿರಾಜಪೇಟೆ ಆದ್ರೆ ಮೂರ್ನಾಡು ನಡುವಿನ ಊರು. ಆದ್ರೆ ಮೂರ್ನಾಡಿಗೂ ವಿರಾಜಪೇಟೆಗೂ ನಡುವೆ ಬೇತ್ರಿಯಲ್ಲಿ ಕಾವೇರಿ ದಾಟಬೇಕು. ದೊಡ್ಡ ಮಳೆಗೆ ಆ ಸೇತುವೆ ಮೇಲೆ ಓಡಾಟ ನಿಲ್ಲಿಸ್ತಾರೆ. ತುರ್ತು ಸೇವೆಯವರು, ರಜೆ ಹಾಕೋಕೆ ಆಗದವರು ಯಾವ ದಡದಲ್ಲಿ ಕೆಲಸ ಮಾಡ್ತಾರೋ ಆ ದಡದಲ್ಲೇ ಮನೆ ಇರಬೇಕು. ವಿರಾಜಪೇಟೆ–ಕುಶಾಲನಗರಕ್ಕೆ ಸಿದ್ದಾಪುರ ಚೆನ್ನಾಗಿ ಕಾಣುತ್ತೆ, ಆದ್ರೆ ಅದು ಎರಡೂ ಕಡೆ ಕಾಫಿ ತೋಟ, ಆನೆ ಹೆಚ್ಚು. ಬೆಳಿಗ್ಗೆ ಬೇಗ, ಸಂಜೆ ತಡವಾಗಿ ಬೈಕಲ್ಲಿ ಓಡಾಡೋ ಕೆಲಸ ಇದ್ರೆ ಬೇಡ. ಹೊಳೆ ಪಕ್ಕದ ಕರಡಿಗೋಡು, ನೆಲ್ಯಹುದಿಕೇರಿಯ ಮನೆಗಳಿಗೆ 2019ರಲ್ಲಿ ಏನಾಯ್ತು ಅಂತ ಅಲ್ಲಿನವರೇ ಹೇಳ್ತಾರೆ.

ಮೈಸೂರು–ಕುಶಾಲನಗರ ಚತುಷ್ಪಥ ಹೆದ್ದಾರಿಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಗಿದೆ, ರೈಲಿನ ಮಾತು ಅದಕ್ಕಿಂತ ಹಳೇದು. ಬ್ರೋಕರು ಇವೆರಡನ್ನೂ ಹೇಳಿ ಬಾಡಿಗೆ ಏರಿಸ್ತಾರೆ. ಇವತ್ತು ಬಸ್ಸು ಓಡ್ತಿರೋ ರಸ್ತೆಯ ಲೆಕ್ಕದಲ್ಲೇ ಬಾಡಿಗೆ ಮಾತಾಡಿ.

ಸರ್ಕಾರಿ ನೌಕರರು ಕೇಂದ್ರಸ್ಥಾನದಲ್ಲೇ ವಾಸ ಇರಬೇಕು ಅನ್ನೋ ಷರತ್ತು ತಮ್ಮ ಹುದ್ದೆಗೆ ಎಷ್ಟು ಬಿಗಿ ಅಂತ ಕಚೇರಿಯಲ್ಲಿ ಕೇಳಿಕೊಳ್ಳಿ. ವರ್ಗಾವಣೆ ಮತ್ತೆ ಬರಬಹುದು, ಅದಕ್ಕೇ ಮೊದಲ ಕರಾರು 11 ತಿಂಗಳಿಗಿಂತ ಜಾಸ್ತಿ ಬೇಡ. ನಡುವೆ ಬಿಟ್ಟರೆ ಅಡ್ವಾನ್ಸಿನಿಂದ ಎಷ್ಟು ಹಿಡಿಯುತ್ತಾರೆ, ಬಣ್ಣದ ಖರ್ಚು ಯಾರದು, ಎಷ್ಟು ತಿಂಗಳು ಮುಂಚೆ ಹೇಳಬೇಕು ಅನ್ನೋದು ಬರಹದಲ್ಲಿರಲಿ. ಮನೆ ನೋಡೋದನ್ನ ಮಾರ್ಚ್‌ನಲ್ಲಿ ಶುರು ಮಾಡಿ, ಆಗ ಬಾವಿ, ಬೋರ್‌ವೆಲ್‌ನ ನಿಜವಾದ ನೀರೂ ಗೊತ್ತಾಗುತ್ತೆ. ಸಾಮಾನು ಸಾಗಿಸೋದು ಮೇ ಮುಗಿಯೋದರೊಳಗೆ ಆಗಲಿ. ಜೂನ್ ಎರಡನೇ ವಾರಕ್ಕೆ ಹೋದ್ರೆ ಹಾಸಿಗೆ ಲಾರಿಯಲ್ಲೇ ನೆನೆಯುತ್ತೆ, ಒಣಗೋಕೆ ಅಕ್ಟೋಬರ್ ಬರಬೇಕು.