ಇಲ್ಲಿದ್ದೇನೆ ಎನ್ನುವ ದೀಪ

ಕೇಳುಗರೇ, ನಮಸ್ಕಾರ.

ಶಿರಸಿ ಮಾರಿಕಾಂಬಾ ಜಾತ್ರೆಗೆ ಹೋದವರಿಗೆ ಈ ವಸ್ತು ಚೆನ್ನಾಗಿ ಗೊತ್ತು. ಬಿಡಕಿ ಬೈಲಿನಲ್ಲಿ ಗದ್ದುಗೆ ಏರಿದ ಅಮ್ಮನಿಗೆ ಕೈ ಮುಗಿದು, ಉಡಿ ಸಲ್ಲಿಸಿ ಈಚೆ ಬಂದರೆ ಆಟಿಕೆ ಅಂಗಡಿಗಳ ಸಾಲು. ಕತ್ತಲಾಗುತ್ತಿದ್ದಂತೆ ಮಕ್ಕಳ ಬೆರಳು, ತಲೆ, ಚಪ್ಪಲಿ ಎಲ್ಲ ಮಿಣುಕತೊಡಗುತ್ತವೆ. ಮಿಣುಕುವ ಉಂಗುರ, ಮಿಣುಕುವ ಕೊಂಬು, ಅಂಗಿಗೆ ಸಿಕ್ಕಿಸುವ ಮಿಣುಕುವ ಗುಂಡಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಬೇಡ ಎನ್ನಲು ಮನಸ್ಸು ಬರುವುದಿಲ್ಲ. ನನ್ನ ಮೊಮ್ಮಗಳು ಹಠ ಹಿಡಿದು ಆರು ಕೊಡಿಸಿಕೊಂಡಳು. ನಾಲ್ಕು ದಿನ ಆಡಿದಳು, ಆಮೇಲೆ ಅವು ಕಪಾಟಿನ ಡಬ್ಬಿ ಸೇರಿದವು.

ಆ ಡಬ್ಬಿಯನ್ನು ನಾನು ಮತ್ತೆ ತೆಗೆದದ್ದು ಜೂನ್ ತಿಂಗಳ ಒಂದು ರಾತ್ರಿ. ಅಂಕೋಲೆಯಿಂದ ಬಂದು ಬಸ್ಸಿಳಿದು ಮನೆಗೆ ನಡೆದು ಬರುತ್ತಿದ್ದೆ. ಜಡಿಮಳೆ, ಕರೆಂಟಿಲ್ಲ, ಕೈಯಲ್ಲಿ ಕಪ್ಪು ಕೊಡೆ. ಹಿಂದಿನಿಂದ ಬಂದ ಬೈಕು ನನ್ನ ಸೀರೆಯ ಸೆರಗಿಗೆ ತಾಗಿಕೊಂಡೇ ಹೋಯಿತು. ಹುಡುಗ ಹತ್ತು ಮಾರು ಮುಂದೆ ನಿಂತು, ನಡುಗುತ್ತಾ ಹೇಳಿದ, "ಅಕ್ಕೋರೆ, ನೀವು ಕಾಣಲೇ ಇಲ್ಲ." ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಕೈಯಲ್ಲಿ ಟಾರ್ಚ್ ಇತ್ತು. ಆದರೆ ಅದರ ಬೆಳಕು ನನ್ನ ಕಾಲ ಮುಂದೆ ಬೀಳುತ್ತಿತ್ತು. ನನಗೆ ದಾರಿ ಕಾಣುತ್ತಿತ್ತು, ಹಿಂದಿನವರಿಗೆ ನಾನು ಕಾಣುತ್ತಿರಲಿಲ್ಲ.

ಅವತ್ತು ರಾತ್ರಿ ಒಂದು ಕೆಂಪು ಮಿಣುಕನ್ನು ಕೊಡೆಯ ಹಿಂದಿನ ಕಡ್ಡಿಯ ತುದಿಗೆ ದಾರದಿಂದ ಕಟ್ಟಿದೆ. ಅದರ ಬೆಳಕಲ್ಲಿ ಒಂದಕ್ಷರ ಓದಲು ಆಗುವುದಿಲ್ಲ. ಆದರೆ ದೂರದಿಂದ ನೋಡಿದವರಿಗೆ ಇಲ್ಲೊಬ್ಬರು ನಡೆಯುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಈ ಪುಟ್ಟ ದೀಪ ಇರುವುದೇ ಅದಕ್ಕೆ.

ಮಿಣುಕಿದರೆ ಯಾಕೆ ಬೇಗ ಕಣ್ಣಿಗೆ ಬೀಳುತ್ತದೆ? ನಾವು ನೇರವಾಗಿ ನೋಡದಿದ್ದರೂ ಕಣ್ಣಿನ ಅಂಚು ಅಲುಗುವುದನ್ನು, ಹತ್ತಿ ಆರುವುದನ್ನು ಥಟ್ಟನೆ ಹಿಡಿಯುತ್ತದೆ. ಕಾರವಾರದ ಎದುರಿಗಿರುವ ದೇವಗಡ ದ್ವೀಪದ ದೀಪಸ್ತಂಭವನ್ನು ನೋಡಿದ್ದೀರಲ್ಲ? ದೀಪಸ್ತಂಭಗಳು ಒಂದೊಂದೂ ತನ್ನದೇ ಲೆಕ್ಕದಲ್ಲಿ ಮಿಂಚುತ್ತವೆ. ಆ ಲೆಕ್ಕ ನೋಡಿಯೇ ಹಡಗಿನವರು ಇದು ಯಾವ ಊರಿನ ದೀಪ ಅಂತ ಗುರುತಿಸುವುದು. ಮಳೆ ಹಿಡಿಯುವ ಮುಂಚೆ ಶಿರಸಿ ಕಡೆ ಮರಗಳಲ್ಲಿ ತುಂಬಿಕೊಳ್ಳುವ ಮಿಂಚುಹುಳಗಳದ್ದೂ ಇದೇ ಮಾತು. ಒಂದೊಂದು ಜಾತಿಗೆ ಒಂದೊಂದು ತಾಳ.

ಆರು ದೀಪಗಳಲ್ಲಿ ಒಂದನ್ನು ಮೊಮ್ಮಗಳೂ ನಾನೂ ಬಿಚ್ಚಿ ನೋಡಿದೆವು. ಒಳಗೆ ಅಕ್ಕಿಕಾಳಿನಷ್ಟು ಎಲ್‌ಇಡಿಗಳು, ಕೆಂಪು, ಹಸಿರು, ನೀಲಿ. ಮಿಣುಕಿಸುವುದಕ್ಕೆ ಕಪ್ಪು ಚುಕ್ಕೆಯಂಥ ಒಂದು ಚಿಪ್. ಕೆಳಗೆ ಒಂದರ ಮೇಲೊಂದು ಮೂರು ಗುಂಡಿ ಬ್ಯಾಟರಿ. ಬ್ಯಾಟರಿ ಸೊರಗಿದಾಗ ಮೊದಲು ನೀಲಿ ಮಂಕಾಯಿತು. ಕೆಂಪು ಮಾತ್ರ ಮತ್ತೂ ಮೂರು ನಾಲ್ಕು ರಾತ್ರಿ ಉರಿಯಿತು. ಯಾಕೆ ಅಂದರೆ ಕೆಂಪಿಗೆ ಹೆಚ್ಚುಕಡಿಮೆ ಎರಡು ವೋಲ್ಟ್ ಸಾಕು, ನೀಲಿಗೂ ಬಿಳಿಗೂ ಮೂರರ ಹತ್ತಿರ ಬೇಕು. ಕೆಂಪು ಎಲ್‌ಇಡಿ ಹುಟ್ಟಿದ್ದು 1962ರಲ್ಲಿ, ಅಮೆರಿಕದ ನಿಕ್ ಹೊಲೊನ್ಯಾಕ್ ಅವರ ಕೈಯಲ್ಲಿ. ಚೆನ್ನಾಗಿ ಬೆಳಗುವ ನೀಲಿ ಸಿಗಲು ಅಲ್ಲಿಂದ ಮೂವತ್ತು ವರ್ಷ ಕಾಯಬೇಕಾಯಿತು. ಅದನ್ನು ಸಾಧಿಸಿದ ಮೂವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ನಿಮ್ಮ ಕೆಲಸಕ್ಕೆ ಬೇಕಾದ್ದು ಇಷ್ಟೇ: ಜಾಸ್ತಿ ದಿನ ಬಾಳಿಕೆ ಬರಬೇಕಾದರೆ ಕೆಂಪನ್ನೇ ಆರಿಸಿಕೊಳ್ಳಿ. ಒಂದೇ ಸಮ ಉರಿಯುವುದಕ್ಕಿಂತ ಮಿಣುಕುವುದೇ ಲೇಸು. ಹತ್ತರಲ್ಲಿ ಒಂದು ಪಾಲು ಹೊತ್ತು ಮಾತ್ರ ಉರಿದರೆ ಬ್ಯಾಟರಿಯೂ ಸುಮಾರು ಅಷ್ಟೇ ಖರ್ಚಾಗುತ್ತದೆ.

ಮನೆಯೊಳಗೆ ಇದಕ್ಕೆ ಎಷ್ಟೋ ಕೆಲಸ. ನಮ್ಮತ್ತೆಗೆ ಎಂಬತ್ತು ದಾಟಿದೆ. ಬಚ್ಚಲು ಹಿತ್ತಲಲ್ಲಿ. ಕರೆಂಟು ಹೋದ ರಾತ್ರಿ ನಾನು ಬಚ್ಚಲ ಚಿಲಕಕ್ಕೆ ಒಂದು ಮಿಣುಕು ತೂಗಿಬಿಡುತ್ತೇನೆ. ಮೊದಲ ದಿನ ಅವರು, "ತಂಗೀ, ಅದೆಂತದೇ ಅಲ್ಲಿ?" ಅಂತ ಹೆದರಿದ್ದರು. ಈಗ ಅದಿಲ್ಲದಿದ್ದರೆ ಅವರೇ ಕೇಳುತ್ತಾರೆ. ಟಾರ್ಚಿಗೇ ಒಂದು ಕಟ್ಟಿದ್ದೇನೆ. ಕತ್ತಲಲ್ಲಿ ಟಾರ್ಚನ್ನೇ ಹುಡುಕುವುದು ದೊಡ್ಡ ಕೆಲಸ ಅಲ್ವಾ? ಬಾವಿಕಟ್ಟೆಯ ಹತ್ತಿರ, ಗೋಡೆಗೆ ಒರಗಿಸಿಟ್ಟ ಏಣಿಗೆ, ಮದುವೆ ಚಪ್ಪರದ ಹಗ್ಗಕ್ಕೆ, ಶಾಲೆ ಮಕ್ಕಳ ಚೀಲಕ್ಕೆ, ಹೆದ್ದಾರಿ ಪಕ್ಕ ಮೇಯುವ ದನದ ಕೊರಳಿಗೆ ಎಲ್ಲ ಕಡೆ ಇದು ಹೊಂದುತ್ತದೆ. ದನಕ್ಕೆ ಕಟ್ಟುವಾಗ ಅದರ ಬಾಯಿಗೆ ಎಟುಕದ ಹಾಗೆ ಬಿಗಿಯಾಗಿ ಕಟ್ಟಿ.

ಶಿರಸಿಯಲ್ಲಿ ನನ್ನ ತಂಗಿಯ ಮನೆ. ಅವರ ಗದ್ದೆಗೆ ಹಂದಿ ಕಾಟ. ಗದ್ದೆ ಕಾಯುವ ಮಾಳದ ಸುತ್ತ ಎಂಟು ಮಿಣುಕು ಕಟ್ಟಿದರು. ಒಂದು ವಾರ ಹಂದಿ ಹತ್ತಿರ ಸುಳಿಯಲಿಲ್ಲ, ಆಮೇಲೆ ಅಭ್ಯಾಸವಾಗಿ ಬಂದವು. ಈಗ ಎರಡು ಮೂರು ದಿನಕ್ಕೊಮ್ಮೆ ದೀಪದ ಜಾಗ ಬದಲಿಸುತ್ತಾರೆ. ಸ್ವಲ್ಪ ಮೇಲು. ಆದರೆ ಮಾಳದಲ್ಲಿ ಮಲಗುವುದು ತಪ್ಪಿಲ್ಲ.

ನಮ್ಮ ಪಕ್ಕದ ಮನೆಯ ಅಣ್ಣ ಗಂಗಾವಳಿ ಅಳಿವೆಯಲ್ಲಿ ಬಲೆ ಬಿಡುವವರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ. ಸಣ್ಣ ದೋಣಿಯವರ ದುಡಿಮೆ ಆಗಲೂ ನಡೆಯುತ್ತದೆ. ರಾತ್ರಿ ಬಿಟ್ಟ ಬಲೆಯ ತುದಿ ಕಾಣದೆ ಬೇರೆ ದೋಣಿ ಅದರ ಮೇಲೆ ಹಾದು, ಬಲೆ ಹರಿದು ಹೋಗಿದ್ದುಂಟು. ಹರಿದ ಬಲೆ ಸರಿ ಮಾಡಲು ಕೂತರೆ ಎರಡು ದಿನದ ಕೂಲಿ ಹೋದ ಹಾಗೆ. ನಾನು ಒಂದು ಮಿಣುಕು ಕೊಟ್ಟೆ. ಅವರು ಅದನ್ನು ಬಿಗಿ ಮುಚ್ಚಳದ ಸಣ್ಣ ಬಾಟಲಿಯೊಳಗೆ ಹಾಕಿ ಬೆಂಡಿಗೆ ಕಟ್ಟಿದರು. ಬಾಟಲಿ ಇಲ್ಲದಿದ್ದರೆ ಉಪ್ಪುಗಾಳಿಗೆ ಬ್ಯಾಟರಿಗೆ ತಾಗುವ ತಗಡು ನಾಲ್ಕೇ ದಿನದಲ್ಲಿ ಹಸಿರುಗಟ್ಟುತ್ತದೆ. ಮೀನನ್ನು ಸೆಳೆಯಲು ಕಣ್ಣು ಕುಕ್ಕುವ ದೊಡ್ಡ ಎಲ್‌ಇಡಿ ಹಾಕಿ ಹಿಡಿಯುವುದು ಬೇರೆ. ಅದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಮರಿಮೀನೂ ಉಳಿಯದ ಹಾಗೆ ಗೋರುವ ಬೆಳಕು ಅದು. ಇದು ಬಲೆಯ ಗುರುತಿಗೆ ಮಾತ್ರ.

ಒಂದು ಕಡೆ ಮಾತ್ರ ಈ ದೀಪ ಬೇಡವೇ ಬೇಡ. ಚಳಿಗಾಲ ಕಳೆಯುವ ಹೊತ್ತಿಗೆ ನಮ್ಮ ಕರಾವಳಿಯ ಮರಳಿಗೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಮರಿಗಳು ಹೊರಬಂದಾಗ ಬೆಳಕು ಕಂಡ ಕಡೆಗೇ ಓಡುತ್ತವೆ. ಕಡಲ ಮೇಲಿನ ತಿಳಿಬೆಳಕು ಅವಕ್ಕೆ ದಾರಿ. ನಮ್ಮ ದೀಪ ಕಂಡರೆ ದಾರಿ ತಪ್ಪಿ ರಸ್ತೆಯ ಕಡೆ ಹೋಗುತ್ತವೆ. ದಯವಿಟ್ಟು ಆ ತಿಂಗಳುಗಳಲ್ಲಿ ರಾತ್ರಿ ಮರಳಿನ ಮೇಲೆ ಯಾವ ದೀಪವನ್ನೂ ಬಿಟ್ಟು ಬರಬೇಡಿ.

ಇನ್ನೊಂದು ಮಾತನ್ನು ತಾಯಂದಿರೆಲ್ಲ ಕೆಲಸ ಬಿಟ್ಟು ಕೇಳಬೇಕು. ಆ ಗುಂಡಿ ಬ್ಯಾಟರಿ ಮಗುವಿನ ಬಾಯಿಗೆ ಹೋದರೆ ಬಹಳ ಅಪಾಯ. ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗಿನ ಮಾಂಸ ಸುಡುತ್ತದೆ. ನುಂಗಿದೆ ಅಂತ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬೇಡಿ, ಬೆಳಗಾಗಲಿ ಅಂತ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಓಡಿ. ಮೂಗಿಗೆ, ಕಿವಿಗೆ ತುರುಕಿಕೊಂಡರೂ ಹಾಗೆಯೇ. ಅಗ್ಗದ ಆಟಿಕೆಗಳ ಮುಚ್ಚಳಕ್ಕೆ ಎಷ್ಟೋ ಸಲ ಸ್ಕ್ರೂ ಇರುವುದಿಲ್ಲ, ಉಗುರಿಗೇ ತೆರೆದುಕೊಳ್ಳುತ್ತದೆ. ನಾನು ಮುಚ್ಚಳಕ್ಕೆ ಎರಡು ಸುತ್ತು ಟೇಪ್ ಸುತ್ತಿದ್ದೇನೆ. ಮುಗಿದ ಬ್ಯಾಟರಿಯನ್ನೂ ಟೇಪಿನಲ್ಲಿ ಸುತ್ತಿ, ಮೇಲಿನ ಹಲಗೆಯ ಡಬ್ಬಿಯಲ್ಲಿ ಹಾಕಿಡುತ್ತೇನೆ. ಒಲೆಗೂ ಇಲ್ಲ, ಹಿತ್ತಲ ಗೊಬ್ಬರಗುಂಡಿಗೂ ಇಲ್ಲ.

ಆರರಲ್ಲಿ ಎರಡರ ಮಾತು ಹೇಳಿ ಮುಗಿಸುತ್ತೇನೆ. ಒಂದು ನನ್ನ ಕೊಡೆಯಲ್ಲಿದೆ. ಇನ್ನೊಂದನ್ನು ಪಕ್ಕದ ಮನೆಯ ಅಣ್ಣ ಕೇಳಿ ತೆಗೆದುಕೊಂಡು ಹೋಗಿ ದೋಣಿಯ ಮೂತಿಗೇ ಕಟ್ಟಿದ್ದಾರೆ. ಅವರ ಅಡುಗೆ ಮನೆಯ ಕಿಟಕಿಯಿಂದ ಹೊಳೆ ಕಾಣುತ್ತದೆ. ಮಳೆಯ ನಡುವೆ ಆ ಕೆಂಪು ಚುಕ್ಕೆ ತಿರುವು ದಾಟಿ ಈಚೆ ಬಂದದ್ದು ಕಂಡ ಮೇಲೆಯೇ ಅಕ್ಕ ಗಂಜಿಯ ಪಾತ್ರೆಯನ್ನು ಒಲೆಯ ಮೇಲೆ ಇಡುವುದು.

ನಮಸ್ಕಾರ.