ಮರ್ಕಲ್ ಮುಟ್ಟದೆ ಬಿಟ್ಟ ಬೇಸ್

ಕೇಳುಗರಿಗೆ ನಮಸ್ಕಾರ.

ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಒಂದು ಸಂಜೆ ಹತ್ತಾರು ಹೆಜ್ಜೆ ಕಡಿಮೆ ಓಡಿದ. ಅದಕ್ಕಾಗಿ ಜನ ಅವನನ್ನು ಬದುಕಿಡೀ ಆಡಿಕೊಂಡರು. ಅದು ಅನ್ಯಾಯ ಎಂದೇ ನನ್ನ ನಂಬಿಕೆ.

1908ರ ಸೆಪ್ಟೆಂಬರ್ 23. ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಮೈದಾನ. ಬೇಸ್‌ಬಾಲ್‌ನ ನ್ಯಾಷನಲ್ ಲೀಗ್ (ಅಮೆರಿಕದ ಎರಡು ದೊಡ್ಡ ಲೀಗ್‌ಗಳಲ್ಲೊಂದು) ಪಟ್ಟಕ್ಕಾಗಿ ಜೈಂಟ್ಸ್ ಮತ್ತು ಷಿಕಾಗೋ ಕಬ್ಸ್ ತಂಡಗಳ ನಡುವೆ ಜಿದ್ದಾಜಿದ್ದಿ. ಆ ದಿನ ಜೈಂಟ್ಸ್ ತಂಡದ ಫ್ರೆಡ್ ಟೆನ್ನಿಗೆ ಸೊಂಟ ಹಿಡಿದುಕೊಂಡಿತ್ತು. ಅವನ ಜಾಗದಲ್ಲಿ ಇಳಿದವನೇ ನಮ್ಮ ಹುಡುಗ, ಫ್ರೆಡ್ ಮರ್ಕಲ್.

ಒಂಬತ್ತನೇ ಇನ್ನಿಂಗ್ಸ್, ಕೊನೆಯ ಸರದಿ. ಸ್ಕೋರು 1-1. ಜೈಂಟ್ಸ್‌ನ ಇಬ್ಬರು ಔಟಾಗಿದ್ದಾರೆ, ಮೂರನೆಯವನೂ ಔಟಾದರೆ ಸರದಿ ಮುಗಿಯಿತು. ಬೇಸ್ ಅಂದರೆ ಓಡುವವನು ಒಂದೊಂದಾಗಿ ಮುಟ್ಟಬೇಕಾದ ನಿಲ್ದಾಣ; ಮೂರನ್ನೂ ಮುಟ್ಟಿ ಹೊಡೆಯುವ ಜಾಗಕ್ಕೆ ಮರಳಿದರೆ ಒಂದು ರನ್. ಮೊದಲ ಬೇಸಿನಲ್ಲಿ ಮ್ಯಾಕಾರ್ಮಿಕ್ ನಿಂತಿದ್ದಾನೆ. ಮರ್ಕಲ್ ಒಳ್ಳೆಯ ಹೊಡೆತವನ್ನೇ ಹೊಡೆದ. ಮ್ಯಾಕಾರ್ಮಿಕ್ ಮೂರನೇ ಬೇಸಿಗೆ, ಮರ್ಕಲ್ ಮೊದಲನೆಯದಕ್ಕೆ. ಆಮೇಲೆ ಬಂದ ಬ್ರಿಡ್‌ವೆಲ್ ಚೆಂಡನ್ನು ನಡುಮೈದಾನದ ಆಚೆಗೆ ಅಟ್ಟಿದ. ಮ್ಯಾಕಾರ್ಮಿಕ್ ಓಡಿ ಬಂದು ರನ್ ಮುಟ್ಟಿಸಿದ. ಗೆದ್ದೆವು ಅಂತ ಜನ ಮೈದಾನಕ್ಕೆ ನುಗ್ಗಿದರು. ಎರಡನೇ ಬೇಸಿನತ್ತ ಓಡುತ್ತಿದ್ದ ಮರ್ಕಲ್ ಆ ಜನಜಂಗುಳಿ ಕಂಡು, ಅರ್ಧದಲ್ಲೇ ತಿರುಗಿ ಆಟಗಾರರ ಕೋಣೆಯತ್ತ ಓಡಿದ.

ಇಲ್ಲೊಂದು ನಿಯಮ ಹೇಳಬೇಕು. ಚೆಂಡು ಹೊಡೆದವನು ಮೊದಲ ಬೇಸಿಗೆ ಓಡಿ ಬರುವಾಗ ಅಲ್ಲಿದ್ದವನು ಎರಡನೆಯದಕ್ಕೆ ಹೋಗಿ ಮುಟ್ಟಲೇಬೇಕು. ಅಷ್ಟರೊಳಗೆ ಎದುರಾಳಿ ಚೆಂಡು ಹಿಡಿದು ಆ ಬೇಸ್ ಮುಟ್ಟಿದರೆ ಅವನು ಔಟ್. ಅದು ಮೂರನೇ ಔಟ್ ಆದರೆ, ಆ ಹೊಡೆತಕ್ಕೆ ಬಂದ ರನ್ ಲೆಕ್ಕಕ್ಕೇ ಇಲ್ಲ. ನಿಯಮ ಪುಸ್ತಕದಲ್ಲಿತ್ತು, ನಿಜ. ಆದರೆ ಗೆಲುವಿನ ರನ್ ಬಂದ ಮೇಲೆ ಅದನ್ನು ಯಾರೂ ಅಷ್ಟಾಗಿ ನೋಡುತ್ತಿರಲಿಲ್ಲ. ಅದೇ ತಿಂಗಳ 4ರಂದು ಪಿಟ್ಸ್‌ಬರ್ಗ್‌ನಲ್ಲಿ ಕಬ್ಸ್ ವಿರುದ್ಧ ಇಂಥದ್ದೇ ಆಗಿತ್ತು. ಕಬ್ಸ್‌ನ ಜಾನಿ ಎವರ್ಸ್ ತಕರಾರು ತೆಗೆದರೂ ಅಂಪೈರ್ ಹ್ಯಾಂಕ್ ಓಡೇ ಒಪ್ಪಲಿಲ್ಲ.

ಈಗ ನ್ಯೂಯಾರ್ಕಿನಲ್ಲೂ ಅದೇ ಎವರ್ಸ್, ಅದೇ ಓಡೇ! ಎವರ್ಸ್ ಚೆಂಡಿಗಾಗಿ ಕೂಗಿದ. ಜೈಂಟ್ಸ್‌ನ ಮ್ಯಾಕ್‌ಗಿನಿಟಿ ನಡುವೆ ಬಂದು ಕಿತ್ತಾಡಿದ. ಆಟದ ಚೆಂಡನ್ನು ಅವನು ಜನರತ್ತ ಎಸೆದುಬಿಟ್ಟ ಅಂತಾರೆ. ಕೊನೆಗೆ ಯಾವುದೋ ಒಂದು ಚೆಂಡು ಹಿಡಿದು ಎವರ್ಸ್ ಎರಡನೇ ಬೇಸಿನ ಮೇಲೆ ನಿಂತ. ಈ ಸಲ ಓಡೇ ಮರ್ಕಲ್‌ಗೆ ಔಟ್ ಕೊಟ್ಟರು. ಮೈದಾನದ ತುಂಬ ಜನ, ಮೇಲೆ ಕತ್ತಲು. ಪಂದ್ಯ ಸಮವೆಂದಾಯಿತು.

ಸುಮಾರು ಮೂರು ವಾರಗಳ ಹಿಂದೆ ಪಿಟ್ಸ್‌ಬರ್ಗ್ ಆಟಗಾರ ಮಾಡಿ ದಕ್ಕಿಸಿಕೊಂಡದ್ದು ಈ ಹುಡುಗನಿಗೆ ದಕ್ಕಲಿಲ್ಲ.

ಪಟ್ಟದ ಓಟದಲ್ಲಿ ಎರಡೂ ತಂಡ ಸಮನಾಗಿ ನಿಂತವು. ಅಕ್ಟೋಬರ್ 8ರಂದು ಮತ್ತೆ ಆಡಿದಾಗ ಕಬ್ಸ್ 4-2ರಿಂದ ಗೆದ್ದರು. ಎರಡೂ ಲೀಗ್‌ಗಳಲ್ಲಿ ಗೆದ್ದ ತಂಡಗಳು ಆಡುವ ವರ್ಲ್ಡ್ ಸೀರೀಸ್ ಕೂಡ ಆ ವರ್ಷ ಅವರದೇ. ಮುಂದಿನದಕ್ಕೆ ಅವರು 2016ರವರೆಗೆ ಕಾಯಬೇಕಾಯಿತು.

ಮರ್ಕಲ್‌ಗೆ 'ಬೋನ್‌ಹೆಡ್', ಅಂದರೆ ಮಂದಬುದ್ಧಿ ಎಂಬ ಅಡ್ಡಹೆಸರು ಅಂಟಿತು. ಜೈಂಟ್ಸ್ ಮ್ಯಾನೇಜರ್ ಜಾನ್ ಮ್ಯಾಕ್‌ಗ್ರಾ ಮಾತ್ರ ಹುಡುಗನ ಕೈ ಬಿಡಲಿಲ್ಲ, ಸಂಬಳವನ್ನೂ ಏರಿಸಿದರು. ಅವರ ಆ ನಡೆ ನನಗೆ ತುಂಬ ಹಿಡಿಸುತ್ತದೆ. ಮರ್ಕಲ್ ಮುಂದೆ ಹಲವು ವರ್ಷ ಚೆನ್ನಾಗಿಯೇ ಆಡಿದ, ಕಬ್ಸ್ ತಂಡಕ್ಕೂ ಆಡಿದ. ನಿವೃತ್ತನಾದ ಮೇಲೆ ಬೇಸ್‌ಬಾಲ್‌ನಿಂದ ದೂರ ಉಳಿದ.

1950ರಲ್ಲಿ ಜೈಂಟ್ಸ್‌ನ ಹಳೆಯ ಆಟಗಾರರ ಪಂದ್ಯಕ್ಕೆ ಕರೆ ಬಂತು. ಅರವತ್ತು ದಾಟಿದ ಮರ್ಕಲ್ ಹೋದ. ಅವನ ಹೆಸರು ಕರೆದಾಗ ಜನ ಚಪ್ಪಾಳೆಯ ಮಳೆಗರೆದರು.